ಮುಯ್ಯಿಯ ಓಟು

2002ರ ಫೆಬ್ರುವರಿಯಲ್ಲಿ ನಮ್ಮ ದೊಡ್ಡಪ್ಪ ಹಳ್ಳಿಮೈಸೂರಿನಿಂದ ಕನಕಪುರಕ್ಕೆ ಓಟು ಕೇಳಲು ಹೋದರು. ರಾಗಿ ಒಕ್ಕಣೆ ಮುಗಿದು ಹುಲ್ಲು ಮೆದೆ ಸೇರಿತ್ತು, ಮನೆಯಲ್ಲಿ ಅವರಿಗೆ ಅಂಥ ಕೆಲಸವಿರಲಿಲ್ಲ. ಕೈಚೀಲದಲ್ಲಿ ಎರಡು ಪಂಚೆ, ಒಂದು ಟವೆಲು, ಎಲೆ ಅಡಿಕೆ. ಹತ್ತು ಹನ್ನೆರಡು ದಿನ ಕಳೆದು ಬಂದಾಗ ಗಂಟಲು ಕಟ್ಟಿಹೋಗಿತ್ತು. ದೊಡ್ಡಮ್ಮ ಜೀರಿಗೆ ಕಷಾಯ ಕಾಸಿ ಕೊಟ್ಟರು. ಊರಿನವರು ಜಗುಲಿಗೆ ಬಂದು ಕೂತು ‘ದೊಡ್ಡಗೌಡ್ರು ಗೆಲ್ತಾರಾ?’ ಎಂದು ಕೇಳಿದರು. ‘ಗೆಲ್ತಾರೆ’ ಅಂದರು. ಎಲ್ಲರೂ ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿ, ‘ಅಲ್ಲ ಕಣೋ, ಸತ್ತೋರು ಯಾರು, ಈ ಎಲೆಕ್ಷನ್ ಯಾಕೆ ಬಂತು ಅಂತ ಅಲ್ಲಿ ಒಬ್ಬರೂ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ’ ಅಂದರು.

ಆ ‘ನಾನೂ ಎತ್ತಲಿಲ್ಲ’ ಎಂಬ ಮಾತು ಇಷ್ಟು ವರ್ಷ ನನ್ನ ಜೊತೆ ಬಂದಿದೆ. ಶಾಸಕರೋ ಸಂಸದರೋ ತೀರಿಕೊಂಡ ಸುದ್ದಿ ಬಂದಾಗಲೆಲ್ಲ ಅದು ನೆನಪಾಗುತ್ತದೆ.

ದೊಡ್ಡಪ್ಪ ಹೆಸರೆತ್ತದೆ ಬಂದವರು ಎಂ.ವಿ. ಚಂದ್ರಶೇಖರ ಮೂರ್ತಿ. ಕನಕಪುರ ಲೋಕಸಭಾ ಕ್ಷೇತ್ರದಿಂದ ಮತ್ತೆ ಮತ್ತೆ ಗೆದ್ದ ಕಾಂಗ್ರೆಸ್ಸಿಗರು. ಪಿ.ವಿ. ನರಸಿಂಹರಾವ್ ಸರ್ಕಾರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದವರು. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರೆದುರು ಸೋತು, 1999ರಲ್ಲಿ ಅದೇ ಕ್ಷೇತ್ರವನ್ನು ಮತ್ತೆ ಗೆದ್ದುಕೊಂಡರು. ಅವಧಿ ಮುಗಿಯುವ ಮೊದಲೇ ಕಣ್ಣು ಮುಚ್ಚಿದರು. ಅಷ್ಟು ವರ್ಷ ಒಂದು ಸೀಮೆಯನ್ನು ದೆಹಲಿಯಲ್ಲಿ ಪ್ರತಿನಿಧಿಸಿದವರ ಜಾಗ ತುಂಬಲು ನಡೆದ ಚುನಾವಣೆಯಲ್ಲಿ ಕೇಳಿಸಿದ್ದು ಬೇರೆ ಇಬ್ಬರ ಹೆಸರು ಮಾತ್ರ: ಎಚ್.ಡಿ. ದೇವೇಗೌಡ, ಡಿ.ಕೆ. ಶಿವಕುಮಾರ್.

ಅದಕ್ಕೆ ಕಾರಣವಿತ್ತು. ಹೊಳೆನರಸೀಪುರ ತಾಲ್ಲೂಕಿನ ನಮಗೆ ಆ ಕಾರಣ ಬಾಯಿಪಾಠ. 1962ರಲ್ಲಿ ಹರದನಹಳ್ಳಿಯ ದೇವೇಗೌಡರು ಪಕ್ಷೇತರರಾಗಿ ನಿಂತು ಹೊಳೆನರಸೀಪುರದಿಂದ ವಿಧಾನಸಭೆಗೆ ಹೋದಾಗ ನಮ್ಮ ದೊಡ್ಡಪ್ಪನಿಗೆ ಅದು ಮೊದಲ ಓಟು. 1989ರಲ್ಲಿ ಜಿ. ಪುಟ್ಟಸ್ವಾಮಿಗೌಡರು ಸೋಲಿಸುವ ತನಕ ಗೌಡರು ಇಲ್ಲಿ ಸೋತವರಲ್ಲ. ಆಮೇಲೆ ಮುಖ್ಯಮಂತ್ರಿಯಾದರು, ಪ್ರಧಾನಿಯಾದರು. 1999ರಲ್ಲಿ ಮಾತ್ರ ಎಲ್ಲವೂ ಒಟ್ಟಿಗೆ ಕುಸಿಯಿತು. ಹಾಸನ ಲೋಕಸಭಾ ಕ್ಷೇತ್ರದಲ್ಲಿ ಅದೇ ಪುಟ್ಟಸ್ವಾಮಿಗೌಡರೆದುರು ಅವರು ಸೋತರು, ಹೊಳೆನರಸೀಪುರದಲ್ಲಿ ಮಗ ಎಚ್.ಡಿ. ರೇವಣ್ಣ ಸೋತರು, ಸಾತನೂರಿನಲ್ಲಿ ಇನ್ನೊಬ್ಬ ಮಗ ಕುಮಾರಸ್ವಾಮಿ ಅವರನ್ನು ಶಿವಕುಮಾರ್ ಸೋಲಿಸಿದರು. ನಮ್ಮೂರಿನಲ್ಲಿ ಆ ವರ್ಷ ದೀಪಾವಳಿ ಸಪ್ಪೆಯಾಗಿತ್ತು. ಎರಡು ವರ್ಷ ದಾಟಿದ ಮೇಲೆ ಕನಕಪುರದಲ್ಲಿ ಒಂದು ಸಾವಾಗಿ, ಆ ಸಾವಿನಿಂದ ಒಂದು ಬಾಗಿಲು ತೆರೆಯಿತು.

ಎದುರಿಗೆ ನಿಂತ ಶಿವಕುಮಾರ್ ಎಸ್.ಎಂ. ಕೃಷ್ಣ ಸಂಪುಟದ ಸಚಿವರು. ಅವರೂ ಗೌಡರೂ ಎದುರಾದದ್ದು ಅದೇ ಮೊದಲಲ್ಲ. 1985ರಲ್ಲಿ ಗೌಡರು ಹೊಳೆನರಸೀಪುರದ ಜೊತೆಗೆ ಸಾತನೂರಿನಲ್ಲೂ ನಿಂತಾಗ ಅಲ್ಲಿ ಎದುರಾಳಿಯಾಗಿದ್ದವರು ಇನ್ನೂ ಮೀಸೆ ಚಿಗುರುತ್ತಿದ್ದ ಶಿವಕುಮಾರ್. ಹಳೆಯ ಹಗೆಯ ಎರಡನೇ ಸುತ್ತು ಎಂದು ಜನ ನೋಡಲು ಕೂತಾಗ ತೀರಿಕೊಂಡವರ ನೆನಪು ಎಲ್ಲಿ ಉಳಿಯಬೇಕು? ಗೌಡರು 52 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಎರಡೇ ವರ್ಷಕ್ಕೆ, 2004ರಲ್ಲಿ, ಅದೇ ಕನಕಪುರ ಅವರನ್ನು ಬಿಟ್ಟು ಪತ್ರಕರ್ತೆಯಾಗಿದ್ದ ತೇಜಸ್ವಿನಿ ಅವರನ್ನು ಗೆಲ್ಲಿಸಿತು. ಹಾಸನದಲ್ಲೂ ನಿಂತಿದ್ದರಿಂದ ಗೌಡರು ಲೋಕಸಭೆಯಲ್ಲಿ ಉಳಿದರು. ಕನಕಪುರದವರು ಕೊಟ್ಟದ್ದು ಎರಡು ವರ್ಷದ ಕೈಗಡ ಎಂದು ದೊಡ್ಡಪ್ಪ ಆಗ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೈಗಡ ಕೊಟ್ಟವರು ವಾಪಸು ಕೇಳುತ್ತಾರೆ, ಅದರಲ್ಲಿ ಸಿಟ್ಟಾಗುವುದೇನಿದೆ ಎಂಬ ಧಾಟಿ.

ಅದು ಲೋಕಸಭೆಯ ಮಾತಾಯಿತು. ನಾನು ಬರೆಯಹೊರಟಿರುವುದು ಹಾಲಿ ಶಾಸಕರೊಬ್ಬರು ತೀರಿಕೊಂಡು, ಅವರ ಜಾಗಕ್ಕೆ ವಿಧಾನಸಭೆಯ ಉಪಚುನಾವಣೆ ಬರುತ್ತದಲ್ಲ, ಅದರ ಬಗ್ಗೆ. ಅಂಥ ಚುನಾವಣೆಯ ಫಲಿತಾಂಶ ಬಂದ ಮಾರನೇ ದಿನ ಪತ್ರಿಕೆಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಅನುಕಂಪದ ಅಲೆ. ಗೆದ್ದರೆ ಅಲೆ ಎದ್ದಿತು, ಸೋತರೆ ಅಲೆ ಏಳಲಿಲ್ಲ. ಓಟು ಹಾಕಿದವರು ದಡದಲ್ಲಿ ಬಿದ್ದ ಕಡ್ಡಿಕಸವೇ, ಅಲೆ ಬಂದ ಕಡೆ ಹೋಗಲು? ಈ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಮಾತೊಂದಿದೆ: ಮುಯ್ಯಿ. ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯಿಂದ ಒಬ್ಬರು ಬಂದರೆ ನಮ್ಮ ನಾಟಿಗೆ ನಿಮ್ಮ ಮನೆಯಿಂದ ಒಬ್ಬರು ಬರಬೇಕು. ಆ ಆಳು ಮುಯ್ಯಾಳು. ಮದುವೆ ಮನೆಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತವರು ಬರೆಯುವುದೂ ಮುಯ್ಯಿಯೇ. ಇಂಥವರು ಇಷ್ಟು ಹಾಕಿದರು ಎಂದು ಬರೆದ ಆ ಪುಸ್ತಕ ವರ್ಷಗಟ್ಟಲೆ ಟ್ರಂಕಿನಲ್ಲಿರುತ್ತದೆ. ಅವರ ಮನೆಯಲ್ಲಿ ಮದುವೆ ಬಂದಾಗ ತೆಗೆದು ನೋಡಿ, ಅಷ್ಟಕ್ಕೆ ಕಮ್ಮಿಯಾಗದಂತೆ ಹಾಕಿ ಬರುತ್ತಾರೆ. ಸಾವಿನ ಮನೆಯಲ್ಲಿ ನೋಟ್‌ಬುಕ್ ಇರುವುದಿಲ್ಲ. ಒಲೆ ಹಚ್ಚದ ಆ ಮನೆಗೆ ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ, ಹಾಲು ತುಪ್ಪದ ದಿನ ನೆಂಟರು ಬರುತ್ತಾರೆ, ಹನ್ನೊಂದಕ್ಕೆ ಊರು ಬರುತ್ತದೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಶಾಸಕ ತೀರಿಕೊಂಡಾಗ ಹಳ್ಳಿಯವರು ಹಾಕುವ ಓಟನ್ನು ನಾನು ಈ ಲೆಕ್ಕದಲ್ಲಿ ಓದುತ್ತೇನೆ. ಬದುಕಿದ್ದಾಗ ಆತ ನಮ್ಮ ಮನೆಯ ಕಷ್ಟಕ್ಕೆ ಬಂದಿದ್ದನೇ? ಬಂದಿದ್ದರೆ ಒಂದು ಓಟು ಬಾಕಿಯಿದೆ. ಅದನ್ನು ತೀರಿಸಬೇಕು. ತೀರಿಸಿದ ಮೇಲೆ ಲೆಕ್ಕ ಹೊಸದು.

ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಗುಂಡ್ಲುಪೇಟೆಯಷ್ಟು ಚೆನ್ನಾಗಿ ತೋರಿಸಿದ ಕ್ಷೇತ್ರ ಇನ್ನೊಂದಿಲ್ಲ.

2017ರ ಜನವರಿ 3ರ ಬೆಳಿಗ್ಗೆ ಎಚ್.ಎಸ್. ಮಹದೇವ ಪ್ರಸಾದ್ ತೀರಿಕೊಂಡರು. ಸಿದ್ದರಾಮಯ್ಯ ಸರ್ಕಾರದಲ್ಲಿ ಸಹಕಾರ ಮತ್ತು ಸಕ್ಕರೆ ಸಚಿವರು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪಕ್ಕೆ ಹೋಗಿ ರಾತ್ರಿ ಅಲ್ಲಿ ತಂಗಿದ್ದರು, ಮಲಗಿದವರು ಏಳಲಿಲ್ಲ. ವಯಸ್ಸು 58. ಗುಂಡ್ಲುಪೇಟೆ ತಾಲ್ಲೂಕಿನ ಹಾಲಹಳ್ಳಿ ಅವರ ಊರು. 1994ರಿಂದ ಸತತ ಐದು ಸಲ ಗೆದ್ದವರು. ಹೇಗೆ ಗೆದ್ದರು ಎಂಬುದನ್ನು ಗಮನಿಸಬೇಕು. 1994ರಲ್ಲಿ ಜನತಾದಳ, 1999ರಲ್ಲಿ ಸಂಯುಕ್ತ ಜನತಾದಳ, 2004ರಲ್ಲಿ ಜಾತ್ಯತೀತ ಜನತಾದಳ, 2008 ಮತ್ತು 2013ರಲ್ಲಿ ಕಾಂಗ್ರೆಸ್. ಐದು ಗೆಲುವು, ನಾಲ್ಕು ಪಕ್ಷ. ಬ್ಯಾಲೆಟ್ಟಿನ ಮೇಲಿನ ಗುರುತು ಬದಲಾಗುತ್ತ ಹೋಯಿತು, ಜನ ಗುರುತಿಸಿದ ಮುಖ ಬದಲಾಗಲಿಲ್ಲ. ಇಂಥ ಕಡೆ ಶಾಸಕ ಸತ್ತರೆ ಪಕ್ಷಕ್ಕೆ ಒಂದು ಸೀಟು ಹೋಯಿತು ಎಂದು ಯಾರೂ ಯೋಚಿಸುವುದಿಲ್ಲ. ಒಂದು ಮನೆ ಯಜಮಾನನನ್ನು ಕಳೆದುಕೊಂಡಿತು ಎಂದೇ ಊರು ನೋಡುತ್ತದೆ. ಮುಯ್ಯಿ ತೀರಿಸಲು ಆ ಮನೆಗೇ ಹೋಗಬೇಕು.

ಕಾಂಗ್ರೆಸ್ ಅವರ ಪತ್ನಿ ಗೀತಾ ಮಹದೇವ ಪ್ರಸಾದ್ ಅವರನ್ನು ಅಭ್ಯರ್ಥಿ ಮಾಡಿತು. ಬಿಜೆಪಿಯಿಂದ ಸಿ.ಎಸ್. ನಿರಂಜನ ಕುಮಾರ್. ಜೆಡಿಎಸ್ ಸ್ಪರ್ಧಿಸಲಿಲ್ಲ. ಅದೇ ದಿನ ಪಕ್ಕದ ನಂಜನಗೂಡಿನಲ್ಲೂ ಉಪಚುನಾವಣೆ. ಅಲ್ಲಿ ಜಾಗ ಖಾಲಿಯಾದದ್ದು ವಿ. ಶ್ರೀನಿವಾಸ ಪ್ರಸಾದ್ ರಾಜೀನಾಮೆಯಿಂದ. ವರ್ಷ ಕಳೆದರೆ ಸಾರ್ವತ್ರಿಕ ಚುನಾವಣೆ. ಮುಖ್ಯಮಂತ್ರಿ ಮೈಸೂರು ಸೀಮೆಯವರು, ಎದುರು ಪಕ್ಷದ ರಾಜ್ಯಾಧ್ಯಕ್ಷರು ಯಡಿಯೂರಪ್ಪ. ಇಬ್ಬರೂ ಕ್ಷೇತ್ರದಲ್ಲಿ ಬೀಡುಬಿಟ್ಟರು. ಬಂಡೀಪುರದ ಅಂಚಿನ ಆ ತಾಲ್ಲೂಕು, ಕೇರಳಕ್ಕೂ ತಮಿಳುನಾಡಿಗೂ ದಾರಿ ಬಿಡುವ ಊರು, ಚೆಂಡುಹೂವು, ಅರಿಶಿನ, ಸಣ್ಣ ಈರುಳ್ಳಿ ಬೆಳೆಯುವ ಊರು. ಮಳೆ ಕೈಕೊಟ್ಟ ವರ್ಷ ಬೇರೆ. ಒಣಗಿದ ಹೊಲಗಳ ನಡುವಿನ ರಸ್ತೆಗಳಲ್ಲಿ ಸಚಿವರ ಕಾರುಗಳು ಸಾಲು ಹಿಡಿದು ಓಡಾಡಿದವು.

ಇಲ್ಲಿ ಒಂದು ವಿಷಯ ಹೆಚ್ಚು ಜನ ಗಮನಿಸಲಿಲ್ಲ ಎಂಬುದು ನನ್ನ ಅನಿಸಿಕೆ. ನಿರಂಜನ ಕುಮಾರ್ 2008ರಲ್ಲೂ 2013ರಲ್ಲೂ ಮಹದೇವ ಪ್ರಸಾದರ ಎದುರು ನಿಂತು ಸೋತವರು. ಹಳ್ಳಿಯ ಕಣ್ಣಿನಲ್ಲಿ ಅದೂ ಒಂದು ದುಃಖವೇ. ‘ಪಾಪ, ಎರಡು ಸಲ ಸೋತವ್ನೆ, ಈ ಸಲ ಕೊಡಾನ’ ಎಂಬ ಮಾತು ನಮ್ಮ ಅರಳಿಕಟ್ಟೆಗಳಲ್ಲಿ ಎಷ್ಟು ಓಟು ತಿರುಗಿಸಿದೆ ಎಂಬುದನ್ನು ಬಲ್ಲವರು ಬಲ್ಲರು. ಹಾಗಾಗಿ ಆ ಏಪ್ರಿಲ್‌ನಲ್ಲಿ ಗುಂಡ್ಲುಪೇಟೆಯವರ ಮುಂದಿದ್ದದ್ದು ಒಂದು ಕಡೆಯ ಅನುಕಂಪ ಅಲ್ಲ. ತೀರಿಹೋದವರ ಬಾಕಿ ಒಂದು ಕಡೆ, ಬದುಕಿದ್ದು ಕಾದವರ ಬಾಕಿ ಇನ್ನೊಂದು ಕಡೆ.

ಏಪ್ರಿಲ್ 9ರಂದು ನೂರಕ್ಕೆ 87ರಷ್ಟು ಮಂದಿ ಬಂದು ಓಟು ಹಾಕಿದರು. ಉಪಚುನಾವಣೆ ಎಂದರೆ ಜನಕ್ಕೆ ಸೋಮಾರಿತನ ಎನ್ನುವ ಮಾತಿಗೆ ಗುಂಡ್ಲುಪೇಟೆ ಉತ್ತರ ಕೊಟ್ಟಿತು. 13ರಂದು ಎಣಿಕೆ. ಗೀತಾ ಅವರು 10,877 ಮತಗಳಿಂದ ಗೆದ್ದರು. ಮೊದಲು ಆ ಬಾಕಿ ತೀರಲಿ ಎಂದು ಕ್ಷೇತ್ರ ನಿರ್ಧರಿಸಿತು. ಕೆಲವೇ ತಿಂಗಳಲ್ಲಿ ಅವರು ಸಚಿವೆಯೂ ಆದರು.

ಆ ಗೆಲುವನ್ನು ‘ಕಣ್ಣೀರಿನ ಗೆಲುವು’ ಎಂದವರು ಒಂದು ಹೆಸರನ್ನು ಮರೆತಿದ್ದರು. ಗುಂಡ್ಲುಪೇಟೆ ಹೆಣ್ಣುಮಗಳನ್ನು ಆರಿಸಿದ್ದು ಅದೇ ಮೊದಲಲ್ಲ. ಕೆ.ಎಸ್. ನಾಗರತ್ನಮ್ಮ 1957ರಿಂದ ಅದೇ ಕ್ಷೇತ್ರದಿಂದ ಏಳು ಸಲ ಗೆದ್ದವರು; 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಕರ್ನಾಟಕ ವಿಧಾನಸಭೆಯ ಆ ಎತ್ತರದ ಪೀಠದಲ್ಲಿ ಕೂತ ಮೊದಲ ಮಹಿಳೆ ಗುಂಡ್ಲುಪೇಟೆಯವರು. 1993ರಲ್ಲಿ ಅವರು ತೀರಿಕೊಂಡ ಮೇಲೆ ಮುಂದಿನ ಚುನಾವಣೆಯಲ್ಲಿ ಮಹದೇವ ಪ್ರಸಾದರ ಕಾಲ ಶುರುವಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ತಾಲ್ಲೂಕಿನ ರಾಜಕಾರಣ ಹೆಚ್ಚೂ ಕಮ್ಮಿ ಇಬ್ಬರ ಬದುಕಿನಲ್ಲಿ ಹಿಡಿದಿದೆ. ಇಷ್ಟು ದೀರ್ಘ ನೆನಪಿರುವ ಕ್ಷೇತ್ರದವರನ್ನು ಕಣ್ಣೀರು ನೋಡಿ ಕರಗಿದವರು ಎಂದು ಬರೆಯಬೇಕಾದರೆ ಕೈ ಸ್ವಲ್ಪ ತಡೆಯಬೇಕು.

ವಿಧವೆಯನ್ನು ಅಭ್ಯರ್ಥಿ ಮಾಡುವ ರೂಢಿಯ ಬಗ್ಗೆ ನನಗೆ ಎರಡು ಮನಸ್ಸು. ಗಂಡ ಸತ್ತ ದುಃಖ ಆರುವ ಮೊದಲೇ ಹೆಣ್ಣೊಬ್ಬಳನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಗಂಡನ ಫೋಟೊ ಹಿಡಿದು, ಮೈಕಿನಲ್ಲಿ ‘ಸೆರಗೊಡ್ಡಿ ಬೇಡ್ತಾ ಇದ್ದಾರೆ’ ಎಂದು ಕೂಗಿಸುವುದು ನೋಡಲು ಸಂಕಟ. ಮೈಕು ಹಿಡಿದವರಿಗೆ ಆಕೆ ಅಳಬೇಕು, ಅತ್ತರೆ ಓಟು. ಇನ್ನೊಂದು ಕಡೆಯಿಂದ ನೋಡಿದರೆ, ಶಾಸಕನ ಮನೆಯನ್ನು ಹತ್ತಿರದಿಂದ ಕಂಡವರಿಗೆ ಗೊತ್ತು: ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಬಂದು ನಿಂತ ಜನಕ್ಕೆ ಕಾಫಿ ಕಳಿಸುವವರು ಯಾರು, ಸಾಹೇಬರು ಊರಿನಲ್ಲಿಲ್ಲದಾಗ ಆಸ್ಪತ್ರೆಗೆ ಫೋನು ಮಾಡಿಸುವವರು ಯಾರು, ಯಾವ ಹಳ್ಳಿಯ ಯಾವ ಮನೆಯ ಲಗ್ನಪತ್ರಿಕೆ ಬಂದಿದೆ ಎಂದು ನೆನಪಿಟ್ಟುಕೊಳ್ಳುವವರು ಯಾರು. ವೇದಿಕೆಯ ಮೇಲೆ ಅವರ ಹೆಸರಿರುವುದಿಲ್ಲ, ಅಷ್ಟೆ. ಅಂಥವರನ್ನು ‘ರಾಜಕೀಯ ಅನುಭವವಿಲ್ಲದ ಗೃಹಿಣಿ’ ಎಂದು ಬರೆಯುವುದು ಅನ್ಯಾಯ. ಇಷ್ಟು ಒಪ್ಪಿಕೊಂಡೂ ಒಂದು ಪ್ರಶ್ನೆ ಉಳಿಯುತ್ತದೆ. ಗಂಡ ಬದುಕಿದ್ದಾಗ ಈ ಪಕ್ಷಗಳು ಎಷ್ಟು ಹೆಣ್ಣುಮಕ್ಕಳಿಗೆ ಟಿಕೆಟ್ ಕೊಟ್ಟಿವೆ? ಸಾವು ಬಂದರೆ ಮಾತ್ರ ತೆರೆಯುವ ಬಾಗಿಲಿನ ಬಗ್ಗೆ ಹೆಮ್ಮೆಪಡುವುದು ನನ್ನಿಂದಾಗದು.

ಮುಂದೇನಾಯಿತು ಎಂಬುದನ್ನು ಹೇಳದೆ ಗುಂಡ್ಲುಪೇಟೆಯ ಕಥೆ ಬಿಡುವಂತಿಲ್ಲ. 2018ರ ಮೇ ತಿಂಗಳಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಹದಿಮೂರು ತಿಂಗಳ ಹಿಂದೆ ಗೆಲ್ಲಿಸಿದ್ದ ಜನ ಗೀತಾ ಅವರನ್ನು 16 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ನಿರಂಜನ ಕುಮಾರ್ ಅವರನ್ನು ಕಳಿಸಿದರು. ಮೊದಲನೇ ಬಾಕಿ ತೀರಿತ್ತು, ಈಗ ಎರಡನೆಯದರ ಸರದಿ. 2023ರಲ್ಲಿ ಮಹದೇವ ಪ್ರಸಾದರ ಮಗ ಗಣೇಶ್ ಪ್ರಸಾದ್ ನಿಂತಾಗ ನಿರಂಜನ ಕುಮಾರ್ ಅವರನ್ನು 36 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಇಳಿಸಿದರು. ಆರು ವರ್ಷದಲ್ಲಿ ಮೂರು ತೀರ್ಪು. ಅದೇ ಮತಗಟ್ಟೆ, ಬಹುಪಾಲು ಅದೇ ಬೆರಳು. ಅಲೆಗೆ ಸಿಕ್ಕವರು ಹೀಗೆ ಬಿಡಿಬಿಡಿಯಾಗಿ ಲೆಕ್ಕ ಮಾಡುವುದಿಲ್ಲ.

ಮುಯ್ಯಿ ಬೆಟ್ಟದಷ್ಟು ದೊಡ್ಡದಾಗಿ ಬಂದದ್ದು ಜಮಖಂಡಿಯಲ್ಲಿ. ಸಿದ್ದು ನ್ಯಾಮಗೌಡ 2018ರ ಮೇ ತಿಂಗಳ ಚುನಾವಣೆಯಲ್ಲಿ 2,795 ಮತಗಳಿಂದ ಗೆದ್ದರು. ಗೆದ್ದ ಸಂಭ್ರಮ ಮುಗಿದಿರಲಿಲ್ಲ, ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಉಪಚುನಾವಣೆ. ಮಗ ಆನಂದ ನ್ಯಾಮಗೌಡ ಗೆದ್ದದ್ದು 39,480 ಮತಗಳಿಂದ, ತಂದೆಯನ್ನು ಎದುರಿಸಿದ್ದ ಅದೇ ಶ್ರೀಕಾಂತ ಕುಲಕರ್ಣಿ ಅವರ ಎದುರಿಗೆ. ಆರು ತಿಂಗಳಲ್ಲಿ ಅಂತರ ಹದಿನಾಲ್ಕು ಪಟ್ಟು. ಕಾಂಗ್ರೆಸ್ಸಿಗೆ ಆ ಹೊತ್ತಿಗೆ ಜೆಡಿಎಸ್ ಜೊತೆಯಿತ್ತು, ಸರ್ಕಾರ ಇಬ್ಬರದೂ ಆಗಿತ್ತು. ಅದೊಂದರಿಂದಲೇ ಇಷ್ಟು ಅಂತರ ಬರುವುದಿಲ್ಲ. ನ್ಯಾಮಗೌಡರನ್ನು ಆ ಕಡೆಯ ಜನ ಕರೆಯುತ್ತಿದ್ದದ್ದೇ ‘ಬ್ಯಾರೇಜ್ ಸಿದ್ದು’ ಎಂದು. ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಸರ್ಕಾರಕ್ಕೆ ಕಾಯದೆ ರೈತರೇ ಹಣ ಹಾಕಿ, ಮೈ ಬಗ್ಗಿಸಿ ದುಡಿದು 1989ರಲ್ಲಿ ಒಡ್ಡು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಅದರ ಮುಂದಾಳು ಸಿದ್ದು ನ್ಯಾಮಗೌಡ. 1991ರಲ್ಲಿ ಅವರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಕಬ್ಬಿಗೆ ನೀರು ಹಾಯಿಸುವಾಗಲೆಲ್ಲ ನೆನಪಾಗುವ ಮನುಷ್ಯ ಸತ್ತರೆ ಬಾಕಿ ಎಷ್ಟಿರಬೇಕು! ಆ ಬಾಕಿಗೂ ಒಂದು ಕೊನೆಯಿತ್ತು. 2023ರಲ್ಲಿ ಆನಂದ ನ್ಯಾಮಗೌಡ ಸೋತರು.

ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿ 2019ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಪತ್ನಿ ಕುಸುಮಾ ಶಿವಳ್ಳಿ 1,601 ಮತಗಳಿಂದ ಗೆದ್ದರು. ಗಂಡ ಹಿಂದಿನ ವರ್ಷ ಗೆದ್ದದ್ದು 634ರಿಂದ. ನಮಗೆ ಹತ್ತಿರದ ಮದ್ದೂರಿನಲ್ಲಿ ಎಂ.ಎಸ್. ಸಿದ್ದರಾಜು 2008ರಲ್ಲಿ ಗೆದ್ದ ಕೆಲವೇ ತಿಂಗಳಲ್ಲಿ ತೀರಿಕೊಂಡು, ಡಿಸೆಂಬರ್‌ನಲ್ಲಿ ಕಲ್ಪನಾ ಸಿದ್ದರಾಜು ಆರಿಸಿ ಬಂದರು. ಆ ದಿನ ರಾಜ್ಯದಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ. ಏಳು ಕಡೆ ಶಾಸಕರು ರಾಜೀನಾಮೆ ಕೊಟ್ಟದ್ದರಿಂದ, ಒಂದು ಕಡೆ ಮಾತ್ರ ಸಾವಿನಿಂದ. ಕಾನೂನಿಗೆ ಎರಡೂ ಒಂದೇ: ತೆರವಾದ ಸ್ಥಾನ. ಶಾಯಿ ಅದೇ, ಖರ್ಚು ಅದೇ, ಪೊಲೀಸ್ ಬಂದೋಬಸ್ತು ಅದೇ. ಬೇರೆ ಪಕ್ಷದ ಶಾಸಕರನ್ನು ಬಿಜೆಪಿ ಎಳೆದುಕೊಂಡ ಆಪರೇಷನ್ ಕಮಲದ ಆ ಗದ್ದಲದಲ್ಲಿ ಮದ್ದೂರು ಎಷ್ಟು ಮಂದಿಗೆ ನೆನಪಿದೆ? ಎದ್ದು ಹೋದವರ ಸದ್ದಿನಲ್ಲಿ ತೀರಿಹೋದವರ ಮನೆಯ ಅಳು ಕೇಳಿಸಲಿಲ್ಲ.

ನನ್ನ ಮುಯ್ಯಿಯ ಲೆಕ್ಕ ಎಲ್ಲ ಕಡೆ ಸರಿಹೋಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಶಿರಾದಲ್ಲಿ ಸರಿಹೋಗಲಿಲ್ಲ. ಜೆಡಿಎಸ್ ಶಾಸಕ ಬಿ. ಸತ್ಯನಾರಾಯಣ 2020ರ ಆಗಸ್ಟ್ 4ರಂದು ತೀರಿಕೊಂಡರು. ಮಾಜಿ ಸಚಿವರು, ಆ ತಾಲ್ಲೂಕಿನ ಹಳೆಯ ತಲೆ. ಪಕ್ಷ ಅವರ ಪತ್ನಿ ಅಮ್ಮಾಜಮ್ಮ ಅವರನ್ನು ನಿಲ್ಲಿಸಿತು. ಕೊರೊನಾ ಕಾಲ. ಎಂಬತ್ತೇಳರ ದೇವೇಗೌಡರು ಮಾಸ್ಕ್ ಕಟ್ಟಿಕೊಂಡು ಬಂದು ಓಟು ಕೇಳಿದರು. ಆದರೂ ಅಮ್ಮಾಜಮ್ಮ ಮೂರನೆಯ ಸ್ಥಾನಕ್ಕೆ ಹೋದರು. ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರ ಎರಡನೆಯವರು. ಸುಮಾರು 13 ಸಾವಿರ ಮತಗಳಿಂದ ಗೆದ್ದವರು ಬಿಜೆಪಿಯ ವೈದ್ಯ ಸಿ.ಎಂ. ರಾಜೇಶ್ ಗೌಡ. ಶಿರಾದಲ್ಲಿ ಆ ಪಕ್ಷ ಮೊದಲ ಸಲ ಖಾತೆ ತೆರೆಯಿತು. ಅಲ್ಲಿ ಬೀಡುಬಿಟ್ಟು ಕೆಲಸ ಮಾಡಿದವರಲ್ಲಿ ನಮ್ಮ ಹಾಸನದ ಅಂದಿನ ಶಾಸಕ ಪ್ರೀತಂ ಗೌಡ ಒಬ್ಬರು.

ಹಾಸನದಿಂದ ಹೋದದ್ದು ಪ್ರೀತಂ ಗೌಡರು ಮಾತ್ರವಲ್ಲ, ನೀರೂ ಹೋಗಬೇಕಿತ್ತು. ಶಿರಾ ತಾಲ್ಲೂಕಿನ ಮದಲೂರು ಕೆರೆಗೆ ಹೇಮಾವತಿ ನೀರು ಬರಬೇಕು ಎಂಬುದು ಆ ಚುನಾವಣೆಯ ದೊಡ್ಡ ಮಾತು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಅಲ್ಲಿ ಬಂದು ಕೆರೆ ತುಂಬಿಸುವ ಭರವಸೆ ಕೊಟ್ಟರು. ಹೇಮಾವತಿ ನಮ್ಮ ಹೊಳೆ. ಗೊರೂರಿನಲ್ಲಿ ಅಣೆಕಟ್ಟೆಯಲ್ಲಿ ನಿಂತು, ಕಾಲುವೆಯಲ್ಲಿ ತುಮಕೂರು ಕಡೆ ಹೋಗುತ್ತದೆ; ಉಳಿದದ್ದು ಹೊಳೆನರಸೀಪುರದ ಮುಂದೆ ಹರಿದು ಕಾವೇರಿ ಸೇರುತ್ತದೆ. ಹೊಳೆಯ ಊರಲ್ಲಿದ್ದು ನೀರಿನ ಬೆಲೆ ಗೊತ್ತಾಗದ ನಮಗೆ, ಕೆರೆ ಒಣಗಿದ ಊರಿನವರು ಬಾಕಿಯ ಲೆಕ್ಕ ಪಕ್ಕಕ್ಕಿಟ್ಟರು ಎಂದು ಆಕ್ಷೇಪಿಸುವ ಹಕ್ಕಿಲ್ಲ. ಕುಡಿಯುವ ನೀರು, ಅಡಿಕೆ ಗಿಡದ ಬುಡ ತಂಪಾಗುವ ಆಸೆ, ಇವುಗಳ ಮುಂದೆ ಸತ್ತವರ ಮೇಲಿನ ಪ್ರೀತಿ ಎರಡನೆಯದಾದರೆ ಅದನ್ನು ಸತ್ತವರೂ ಮನ್ನಿಸುತ್ತಿದ್ದರು. ಶಿರಾದವರು 2023ರಲ್ಲಿ ಜಯಚಂದ್ರರನ್ನು ಗೆಲ್ಲಿಸಿದರು.

ಉಪಚುನಾವಣೆಗೆ ಜಾಗವೇ ಸಿಗದ ಸಾವೂ ಉಂಟು, ಅದು ನಮ್ಮ ಜಿಲ್ಲೆಯಲ್ಲೇ ಆಯಿತು. ಬೇಲೂರಿನ ಶಾಸಕ ವೈ.ಎನ್. ರುದ್ರೇಶಗೌಡ 2018ರ ಮಾರ್ಚ್ 24ರಂದು ತೀರಿಕೊಂಡರು. ಗೌಡರು ಪ್ರಧಾನಿಯಾದ 1996ರಲ್ಲಿ ಹಾಸನದಿಂದ ಲೋಕಸಭೆಗೆ ಹೋಗಿದ್ದವರು ಇವರೇ. ಆಮೇಲೆ ಕಾಂಗ್ರೆಸ್ಸಿನಿಂದ 2008 ಮತ್ತು 2013ರಲ್ಲಿ ಬೇಲೂರು ಗೆದ್ದರು. ಮೆಲುಮಾತಿನ ಮನುಷ್ಯ. ಅವರು ಹೋದ ಮೂರನೇ ದಿನ, ಮಾರ್ಚ್ 27ರಂದು, ಚುನಾವಣಾ ಆಯೋಗ ಸಾರ್ವತ್ರಿಕ ಚುನಾವಣೆಯ ದಿನಾಂಕ ಪ್ರಕಟಿಸಿತು. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು, ಆದರೆ ಆ ಸದಸ್ಯರ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬೇಕಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನ ಮುಖ್ಯ ಮಾತು ಇದು. ಬೇಲೂರಿಗೆ ಉಳಿದಿದ್ದದ್ದು ಎರಡು ತಿಂಗಳು. ಮೇ 12ರಂದು ರಾಜ್ಯದ ಜೊತೆಗೆ ಬೇಲೂರೂ ಓಟು ಹಾಕಿತು. ಕಾಂಗ್ರೆಸ್ ಅವರ ಪತ್ನಿಯನ್ನೇ ನಿಲ್ಲಿಸಿತ್ತು. ಗೆದ್ದದ್ದು ಜೆಡಿಎಸ್‌ನ ಕೆ.ಎಸ್. ಲಿಂಗೇಶ್. ಒಂದೇ ಕ್ಷೇತ್ರಕ್ಕೆಂದು ನಡೆಯುವ ಚುನಾವಣೆಯಲ್ಲಿ ಊರು ನಿಂತು, ತಿರುಗಿ, ತೀರಿಹೋದವರ ಮನೆಯ ಕಡೆ ನೋಡುತ್ತದೆ. ಇಡೀ ರಾಜ್ಯ ಓಡುತ್ತಿರುವಾಗ ನಿಲ್ಲಲು ಪುರುಸೊತ್ತೆಲ್ಲಿ? ಬೇಲೂರಿನವರಿಗೆ ರುದ್ರೇಶಗೌಡರ ಲೆಕ್ಕ ತೀರಿಸುವ ಅವಕಾಶವೇ ಸಿಗಲಿಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಉಪಚುನಾವಣೆ ದುಂದು, ಎರಡನೇ ಸ್ಥಾನ ಪಡೆದವರನ್ನೇ ಕಳಿಸಿದರಾಯಿತು ಎನ್ನುವವರನ್ನು ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಖರ್ಚಿನ ಮಾತು ನಿಜ. ಆದರೆ ಜನ ಬೇಡವೆಂದವರನ್ನು ಸಾವಿನ ಬಾಗಿಲಿನಿಂದ ಒಳಗೆ ಕರೆಯುವುದು ಹೇಗೆ? ಇನ್ನೂ ಒಂದು ಮಾತಿದೆ. ನಮ್ಮ ಹೋಬಳಿಯನ್ನೇ ನೋಡಿ: ತಾಲ್ಲೂಕು ಹೊಳೆನರಸೀಪುರ, ಓಟು ಮಾತ್ರ ಅರಕಲಗೂಡು ಕ್ಷೇತ್ರಕ್ಕೆ. ಕಂದಾಯಕ್ಕೆ ಒಂದು ಊರು, ಶಾಸಕರಿಗೆ ಇನ್ನೊಂದು ಊರು. ಹೀಗೆ ಗೆರೆ ಎಳೆದು ಕೂಡಿಸಿದ ಹಳ್ಳಿಗಳು ತಾವೆಲ್ಲ ಒಂದೇ ಕ್ಷೇತ್ರದವರು ಎಂದು ಐದು ವರ್ಷಕ್ಕೊಮ್ಮೆ, ರಾಜ್ಯದ ಗಲಾಟೆಯ ನಡುವೆ ನೆನಪಿಸಿಕೊಳ್ಳುತ್ತವೆ. ತಮ್ಮ ಶಾಸಕನ ಹೆಣದ ಮುಂದೆ ಸಾಲಿನಲ್ಲಿ ನಿಂತಾಗ ಆ ಮಾತು ಗಲಾಟೆಯಿಲ್ಲದೆ ಗೊತ್ತಾಗುತ್ತದೆ.

ದೊಡ್ಡಪ್ಪ ತೀರಿಕೊಂಡು ವರ್ಷಗಳಾದವು. ಎಂಟು ಹತ್ತು ಎಲೆಕ್ಷನ್ನುಗಳಲ್ಲಿ ಬೂತಿನ ಹೊರಗೆ ಟೇಬಲ್ ಹಾಕಿಕೊಂಡು ಚೀಟಿ ಬರೆದುಕೊಟ್ಟವರು, ಕೊನೆಯ ದಿನಗಳಲ್ಲಿ ಮಾತು ಕಮ್ಮಿ ಮಾಡಿದ್ದರು. ಒಮ್ಮೆ ಮಾತ್ರ, ಗುಂಡ್ಲುಪೇಟೆಯ ಫಲಿತಾಂಶ ಟಿವಿಯಲ್ಲಿ ಬರುತ್ತಿದ್ದಾಗ, ‘ಕನಕಪುರದಲ್ಲಿ ಆ ಮೂರ್ತಿಯವರ ಮನೆಗೆ ನಾನು ಒಂದು ಸಲ ಹೋಗಿ ಬರಬೇಕಿತ್ತು’ ಅಂದರು. ಯಾವ ಮೂರ್ತಿ ಎಂದು ಮನೆಯಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ.

ಅವರು ಹೋದ ಕೆಲವು ತಿಂಗಳಿಗೆ ಮತದಾರರ ಪಟ್ಟಿ ಪರಿಷ್ಕರಣೆಗೆಂದು ಶಾಲೆಯ ಮೇಷ್ಟ್ರು ಮನೆಗೆ ಬಂದರು. ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಇನ್ನೂ ಇತ್ತು. ತೆಗೆಸಲು ಫಾರಂ 7 ತುಂಬಬೇಕು, ಮರಣ ಪ್ರಮಾಣಪತ್ರದ ಜೆರಾಕ್ಸ್ ಬೇಕು ಎಂದರು. ದೊಡ್ಡಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು.

‘ಅವರ ಜಾಗಕ್ಕೆ ಯಾರನ್ನ ಬರೀತೀರಾ ಮೇಷ್ಟ್ರೇ?’

‘ಆ ಜಾಗಕ್ಕೆ ಯಾರನ್ನೂ ಬರೆಯೋದಿಲ್ಲ ಅಮ್ಮಾ. ಹೆಸರು ಹೊಡೆದು ಹಾಕ್ತೀವಿ, ಅಷ್ಟೆ.’

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಟ್ರಂಕು ತೆಗೆದರು. ಮದುವೆಯ ಮುಯ್ಯಿ ಪುಸ್ತಕದ ನಡುವೆ ಇಟ್ಟಿದ್ದ ಅವರ ಓಟಿನ ಕಾರ್ಡನ್ನು ಸೆರಗಿನಲ್ಲಿ ಒರೆಸಿಕೊಂಡು ಹೊರಗೆ ತಂದರು.